ನಿಂತ ಹೊತ್ತಿನ ಲೆಕ್ಕ

ಮೈಸೂರಿನಲ್ಲಿ ತಂದೆ ಕಟ್ಟಿದ ಬೈಂಡಿಂಗ್ ಅಂಗಡಿಯನ್ನು ಈಗ ನಡೆಸುತ್ತಿರುವ ಮಗಳು ಒಬ್ಬಳು. ಬೆಂಗಳೂರಿನ ಸುಲ್ತಾನ್‌ಪೇಟೆ, ಕಾಟನ್‌ಪೇಟೆಯ ಪ್ರೆಸ್ಸುಗಳಿಗೆ ಬಹುಕಾಲ ಬೈಂಡಿಂಗ್ ಮಾಡಿಕೊಟ್ಟು, ಅಂಗಡಿಯನ್ನು ಮಗನ ಕೈಗೆ ಬಿಟ್ಟಿರುವ ಅವಳ ತಂದೆಯ ಗೆಳೆಯರು ಇನ್ನೊಬ್ಬರು. ಮಾತು ನಡೆದದ್ದು ಅವಳ ಅಂಗಡಿಯಲ್ಲೇ. ಆಷಾಢ, ಮದುವೆ ಕಾರ್ಡಿನ ಗಲಾಟೆ ಇಲ್ಲದ ಕಾಲ.

ಅವಳು: ದೊಡ್ಡಪ್ಪ, ಹೊಸ ಕಟಿಂಗ್ ಮಶೀನಿಗೆ ಕೊಟೇಶನ್ ತರಿಸಿದ್ದೀನಿ. ಪ್ರೋಗ್ರಾಮ್ ಇರೋದು, ಅಳತೆ ಒತ್ತಿದ್ರೆ ತಾನೇ ಹೋಗಿ ನಿಲ್ಲುತ್ತೆ. ಬ್ಯಾಂಕಿನವರೂ ಸಾಲ ಕೊಡ್ತೀವಿ ಅಂದಿದ್ದಾರೆ. ನೀವೊಂದು ಮಾತು ಹೇಳಿ.

ಅವರು: ಈಗಿರೋದು ಕೆಟ್ಟಿದೆಯಾ?

ಅವಳು: ಕೆಟ್ಟಿಲ್ಲ. ನಿಧಾನ, ಅಷ್ಟೆ. ಪ್ರತಿ ಸಲ ಹ್ಯಾಂಡಲ್ ತಿರುಗಿಸಿ ಅಳತೆ ಇಡಬೇಕು.

ಅವರು: ನಿನ್ನೆ ಅದು ಎಷ್ಟು ಹೊತ್ತು ಓಡಿತು?

ಅವಳು: ಬೆಳಗ್ಗಿಂದ ಸಂಜೆವರೆಗೂ ಕೆಲಸ ಇತ್ತು.

ಅವರು: ಅಂಗಡಿಯಲ್ಲಿ ಕೆಲಸ ಇತ್ತಾ ಅಂತ ನಾನು ಕೇಳಲಿಲ್ಲ. ಬ್ಲೇಡು ಎಷ್ಟು ಹೊತ್ತು ಇಳೀತಾ ಇತ್ತು? ಗೊತ್ತಿಲ್ಲ ಅಲ್ವಾ? ನಿಮ್ಮಪ್ಪನಿಗೂ ಗೊತ್ತಿರಲಿಲ್ಲ. ಯಾವ ಬೈಂಡರ್‌ನನ್ನ ಕೇಳಿದ್ರೂ ಅವನ ಮಶೀನು ಗಂಟೆಗೆ ಎಷ್ಟು ಹೊಡೆಯುತ್ತೆ ಅಂತ ಥಟ್ಟನೆ ಹೇಳ್ತಾನೆ. ದಿನಕ್ಕೆ ಎಷ್ಟು ಗಂಟೆ ಸುಮ್ನೆ ನಿಂತಿರುತ್ತೆ ಅಂತ ಕೇಳು, ತಲೆ ಕೆರ್ಕೋತಾನೆ. ಒಂದೊಂದು ಮಶೀನಿನ ಪಕ್ಕ ದಾರ ಕಟ್ಟಿ ಒಂದು ನೋಟ್‌ಬುಕ್ ತೂಗುಹಾಕು. ಎಷ್ಟು ಗಂಟೆಗೆ ಶುರುವಾಯ್ತು, ಎಷ್ಟಕ್ಕೆ ನಿಂತಿತು, ಯಾಕೆ ನಿಂತಿತು. ಮೂರೇ ಕಾಲಮ್ಮು. ಒಂದು ವಾರ ಬರೆಸು, ಆಮೇಲೆ ಬ್ಯಾಂಕಿಗೆ ಹೋಗು.

ಅವಳು: ಒಂದು ವಾರ ಕಾಯದೆ ಹೇಳೋಕೆ ಆಗಲ್ವಾ?

ಅವರು: ಅಂದಾಜು ಹೇಳಬಹುದು. ನಿನಗೆ ಹೆಚ್ಚು ಬರೋ ಕೆಲಸ ಯಾವುದು?

ಅವಳು: ಪುಸ್ತಕ. 1/8 ಡೆಮ್ಮಿ, ನೂರೈವತ್ತು-ಇನ್ನೂರು ಪುಟ, ಸಾವಿರ ಪ್ರತಿ. ಈಗೀಗ ಐನೂರು, ಮುನ್ನೂರೂ ಬರ್ತವೆ.

ಅವರು: 160 ಪುಟ ಅಂತಿಟ್ಕೋ. ಫಾರಂಗೆ 16 ಪುಟ, ಒಟ್ಟು ಹತ್ತು ಫಾರಂ. ಸಾವಿರ ಪ್ರತಿಗೆ ಹತ್ತು ಸಾವಿರ ಫಾರಂ ಮಡಚಬೇಕು. ಒಂದೊಂದಕ್ಕೆ ಮೂರು ಮಡಿಕೆ, ಅಲ್ಲಿಗೆ ಮೂವತ್ತು ಸಾವಿರ ಮಡಿಕೆ. ಆಮೇಲೆ ಆ ಹತ್ತು ಸಾವಿರವನ್ನೂ ಒಂದೊಂದೇ ಎತ್ತಿ ಜೋಡಿಸಬೇಕು. ಸಾವಿರ ಸಲ ಅಂಟು, ಸಾವಿರ ಸಲ ಕವರು. ಕೊನೆಗೆ ಕಟಿಂಗು. ಐದೈದು ಪುಸ್ತಕ ಪೇರಿಸಿ ಮೂರು ಕಡೆ ಹೊಡೆದ್ರೆ ಆರುನೂರು ಸಲ ಬ್ಲೇಡು ಇಳಿಯುತ್ತೆ. ಮೂವತ್ತು ಸಾವಿರ ಎಲ್ಲಿ, ಆರುನೂರು ಎಲ್ಲಿ? ನೀನು ಆರುನೂರಕ್ಕೆ ಸಾಲ ಮಾಡ್ತಿದ್ದೀಯ.

ಅವಳು: ಮಡಚೋಕೆ ಫೋಲ್ಡಿಂಗ್ ಮಶೀನು ಇದೆಯಲ್ಲ.

ಅವರು: ಇದೆ, ಚೆನ್ನಾಗೇ ಓಡುತ್ತೆ. ಹಾಗಾದ್ರೆ ಬಾಗಿಲ ಹತ್ತಿರ ಆ ಮೂರು ಗುಡ್ಡೆ ಏನು?

ಅವಳು: ಮಡಚಿದ ಫಾರಂ. ಜೋಡಿಸಬೇಕು. ಇಬ್ಬರು ಹುಡುಗೀರು ಇವತ್ತು ಬಂದಿಲ್ಲ.

ಅವರು: ಕೆಲಸ ಕಟ್ಟಿಕೊಂಡಿರೋದು ಅಲ್ಲಿ. ಅಂಗಡಿ ಬಾಗಿಲಲ್ಲಿ ನಿಂತು ಸುತ್ತ ನೋಡು. ಯಾವ ಕೆಲಸದ ಮುಂದೆ ಗುಡ್ಡೆ ಬೆಳೀತಾ ಇದೆಯೋ ಆ ಕೆಲಸದ ವೇಗವೇ ನಿನ್ನ ಇಡೀ ಅಂಗಡಿಯ ವೇಗ. ಅದರ ಹಿಂದಿನ ಮಶೀನನ್ನ ಜೋರು ಮಾಡಿದ್ರೆ ಗುಡ್ಡೆ ದೊಡ್ಡದಾಗುತ್ತೆ. ಮುಂದಿನದನ್ನ ಜೋರು ಮಾಡಿದ್ರೆ ಅದು ಕೈಕಟ್ಟಿ ಕೂರುತ್ತೆ.

ಅವಳು: ಮ್ಯಾನೇಜ್‌ಮೆಂಟ್ ಓದೋವಾಗ ಇದನ್ನೇ ಹೇಳಿಕೊಟ್ಟಿದ್ರು. ಗೋಲ್ಡ್‌ರಾಟ್ ಅಂತ ಇಸ್ರೇಲಿನವರು, 1984ರಲ್ಲಿ ಇದನ್ನ ಒಂದು ಕಾದಂಬರಿಯಾಗೇ ಬರೆದರು.

ಅವರು: ಕಾದಂಬರಿಯಲ್ಲಿ ಬೈಂಡಿಂಗ್ ಅಂಗಡಿ ಬರುತ್ತಾ?

ಅವಳು: ಇಲ್ಲ, ಬಿಡಿಭಾಗ ಮಾಡೋ ಕಾರ್ಖಾನೆ.

ಅವರು: ಯಾವುದಾದರೇನು. ಓದಿದವಳು ನೀನೇ ಗುಡ್ಡೆ ನೋಡಬೇಕಿತ್ತು. ಸರಿ, ಜೋಡಿಸೋ ಮೇಜು ಗೋಡೆಗೆ ಒತ್ತಿ ಇಟ್ಟಿದ್ದೀಯಲ್ಲ, ಅದನ್ನ ಮಧ್ಯಕ್ಕೆ ತಾ. ಹತ್ತು ಫಾರಂ ಸುತ್ತ ಇಟ್ಟು, ಒಬ್ಬರ ಹಿಂದೆ ಒಬ್ಬರು ಸುತ್ತು ಹಾಕ್ತಾ ಎತ್ತಬೇಕು. ಮೇಜು ಸೊಂಟದೆತ್ತರ ಇರಲಿ. ನೆಲದ ಮೇಲೆ ಕೂತು ಬಗ್ಗಿ ಬಗ್ಗಿ ಎತ್ತಿದವರು ಮಧ್ಯಾಹ್ನದ ಮೇಲೆ ತಪ್ಪು ಮಾಡ್ತಾರೆ. ತಪ್ಪು ಅವರದ್ದಲ್ಲ, ಬೆನ್ನುನೋವಿಂದು. ಇನ್ನೊಂದು, ಫಾರಂ ಬೆನ್ನಿನ ಮೇಲೆ ಕರಿ ಗುರುತು ಹಾಕಿಸ್ತೀಯಾ?

ಅವಳು: ಕೆಲವು ಪ್ರೆಸ್ಸಿನವರು ಹಾಕ್ತಾರೆ, ಕೆಲವರು ಇಲ್ಲ.

ಅವರು: ಕೇಳಿ ಹಾಕಿಸು. ಮೊದಲನೇ ಫಾರಂನ ಬೆನ್ನಿನ ಮಡಿಕೆ ಮೇಲೆ ಒಂದು ಕರಿ ಚೌಕ. ಎರಡನೇದರಲ್ಲಿ ಅದು ಸ್ವಲ್ಪ ಕೆಳಗೆ, ಮೂರನೇದರಲ್ಲಿ ಇನ್ನೂ ಕೆಳಗೆ. ಹತ್ತೂ ಜೋಡಿಸಿ ಬೆನ್ನು ನೋಡಿದ್ರೆ ಮೆಟ್ಟಿಲಿನಂತೆ ಇಳಿದಿರುತ್ತೆ. ಒಂದು ಫಾರಂ ಬಿಟ್ಟುಹೋದ್ರೆ ಮೆಟ್ಟಿಲು ಮುರಿಯುತ್ತೆ. ಎರಡು ಸಲ ಬಂದ್ರೆ ಅಕ್ಕಪಕ್ಕ ಒಂದೇ ಎತ್ತರದಲ್ಲಿ ಎರಡು ಚೌಕ ಕಾಣುತ್ತೆ. ಪುಟಸಂಖ್ಯೆ ಓದಬೇಕಿಲ್ಲ, ಇಪ್ಪತ್ತು ಪುಸ್ತಕ ಒಟ್ಟಿಗೆ ಪೇರಿಸಿ ಬೆನ್ನ ಮೇಲೆ ಕಣ್ಣು ಹಾಯಿಸಿದ್ರೆ ಸಾಕು. ಕಂಪ್ಯೂಟರಿನಲ್ಲಿ ಪುಟ ಕೂರಿಸೋವಾಗ ಹಾಕಿದ್ರೆ ಖರ್ಚು ಒಂದು ಪೈಸೆ ಇಲ್ಲ. ಓದುಗ 48ನೇ ಪುಟ ಆದಮೇಲೆ 65 ಇದೆ ಅಂತ ಪ್ರಕಾಶಕರಿಗೆ ಫೋನ್ ಮಾಡಿದ್ರೆ ಆಮೇಲೆ ಎಷ್ಟು ಖರ್ಚು ಲೆಕ್ಕ ಹಾಕು.

ಅವಳು: ಹಾಗಾದ್ರೆ ಕಟಿಂಗ್ ಮಶೀನು ಬೇಡ ಅಂತೀರ.

ಅವರು: ಈ ವರ್ಷ ಬೇಡ. ಆ ದುಡ್ಡಲ್ಲಿ ಕಾಲು ಭಾಗ ಸಾಕು ಜೋಡಣೆಗೆ ಒಂದು ದಾರಿ ಮಾಡೋಕೆ. ಸಣ್ಣ ಗ್ಯಾದರಿಂಗ್ ಮಶೀನು ಹಳೇದೇ ಸಿಗುತ್ತೆ. ಅದೂ ನೋಟ್‌ಬುಕ್ಕಿನ ಲೆಕ್ಕ ನೋಡಿದ ಮೇಲೆ.

ಅವಳು: ನಿಂತ ಹೊತ್ತು ಅಂದ್ರಲ್ಲ, ನನ್ನ ಅಂಗಡಿಯಲ್ಲಿ ಮಶೀನು ಹೆಚ್ಚಾಗಿ ನಿಲ್ಲೋದು ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಯಿಸೋವಾಗ. ಫೋಲ್ಡಿಂಗ್ ಸೆಟ್ಟಿಂಗಿಗೇ ಮುಕ್ಕಾಲು ಗಂಟೆ ಹೋಗುತ್ತೆ. ಜಪಾನಿನ ಶಿಂಗೊ ಅನ್ನೋ ಎಂಜಿನಿಯರ್ ಇದರ ಮೇಲೇ ಕೆಲಸ ಮಾಡಿದವರು. 1969ರಲ್ಲಿ ಟೊಯೊಟಾದ ಸಾವಿರ ಟನ್ನಿನ ಪ್ರೆಸ್ಸಿನಲ್ಲಿ ಡೈ ಬದಲಾಯಿಸೋಕೆ 4 ಗಂಟೆ ಹಿಡೀತಿತ್ತಂತೆ. ಮೊದಲು ಒಂದೂವರೆ ಗಂಟೆಗೆ ಇಳಿಸಿದ್ರು, ಆಮೇಲೆ 3 ನಿಮಿಷಕ್ಕೆ.

ಅವರು: ಹೇಗೆ? ಹೊಸ ಪ್ರೆಸ್ ತಂದ್ರಾ?

ಅವಳು: ಇಲ್ಲ. ಮಶೀನು ನಿಲ್ಲಿಸಿಯೇ ಮಾಡಬೇಕಾದ ಕೆಲಸ ಯಾವುದು, ಓಡ್ತಿರೋವಾಗಲೇ ಮಾಡಿಟ್ಕೋಬಹುದಾದ್ದು ಯಾವುದು ಅಂತ ಬೇರೆ ಮಾಡಿದ್ರು. ಎರಡನೇದನ್ನೆಲ್ಲ ಮೊದಲೇ ಮುಗಿಸಿಟ್ರು.

ಅವರು: ಅದಕ್ಕೆ ಜಪಾನಿಗೆ ಹೋಗಬೇಕಿಲ್ಲ. ಆದರೂ ಹೇಳಿದ ರೀತಿ ಚೆನ್ನಾಗಿದೆ. ನಿನ್ನ ಫೋಲ್ಡಿಂಗ್ ಹುಡುಗ ಏನು ಮಾಡ್ತಾನೆ ನೋಡು. ಹಿಂದಿನ ಕೆಲಸ ಮುಗಿದ ಮೇಲೆ ಮಶೀನು ಆಫ್ ಮಾಡ್ತಾನೆ. ಆಮೇಲೆ ಡಮ್ಮಿ ಎಲ್ಲಿ ಅಂತ ಹುಡುಕ್ತಾನೆ. ಆಮೇಲೆ ಸ್ಪ್ಯಾನರ್ ಹುಡುಕ್ತಾನೆ. ಸ್ಪ್ಯಾನರ್ ಲ್ಯಾಮಿನೇಷನ್ ಹತ್ತಿರ ಇರುತ್ತೆ. ಆಮೇಲೆ ಹಾಳೆ ತರೋಕೆ ಹೋಗ್ತಾನೆ, ಹಾಳೆ ಇನ್ನೊಂದು ಕೆಲಸದ ಕೆಳಗಿರುತ್ತೆ. ಅಷ್ಟು ಹೊತ್ತೂ ಮಶೀನು ನಿಂತಿದೆ. ನಿಜವಾದ ಸೆಟ್ಟಿಂಗು ಹತ್ತು ನಿಮಿಷ. ಮುಂದಿನ ಕೆಲಸದ ಹಾಳೆ, ಡಮ್ಮಿ, ಜಾಬ್ ಕಾರ್ಡು ಮೂರೂ ಮಶೀನಿನ ಪಕ್ಕ ಬಂದು ನಿಂತಿರಬೇಕು, ಹಿಂದಿನದು ಓಡ್ತಿರೋವಾಗಲೇ. ಒಂದೊಂದು ಮಶೀನಿಗೂ ಅದರದ್ದೇ ಸ್ಪ್ಯಾನರ್ ಸೆಟ್ಟು, ಬೇರೆ ಬೇರೆ ಬಣ್ಣ ಬಳಿದು. ಇದಕ್ಕೆ ಸಾವಿರ ರೂಪಾಯಿ ಆಗಲ್ಲ.

ಅವಳು: ಕೆಲಸಗಳ ಸರದಿನೂ ನಾನು ಬದಲಾಯಿಸಿದ್ದೀನಿ. ಬಂದ ಕ್ರಮದಲ್ಲಿ ಮಾಡಲ್ಲ. ಮಾನಸಗಂಗೋತ್ರಿಯ ಥೀಸಿಸ್‌ಗಳು ಬರ್ತವಲ್ಲ, ರೆಕ್ಸಿನ್ ರಟ್ಟು, ಗೋಲ್ಡ್ ಅಕ್ಷರ. ಒಬ್ಬೊಬ್ಬರು ಬಂದಾಗ ಒಂದೊಂದು ಹೊಡೆದ್ರೆ ಫಾಯಿಲ್ ಬ್ಲಾಕು ದಿನಕ್ಕೆ ಹತ್ತು ಸಲ ಕಾಯಿಸಿ ತಣಿಸಿದ ಹಾಗೆ. ಈಗ ಮಧ್ಯಾಹ್ನ ಮೂರರವರೆಗೆ ಬಂದದ್ದನ್ನೆಲ್ಲ ಸೇರಿಸಿ ಒಂದೇ ಬಿಸಿಯಲ್ಲಿ ಹೊಡೀತೀನಿ. ಅರ್ಧ ಗಂಟೆಯಲ್ಲಿ ಕೊಡಿ ಅಂದವರಿಗೆ ಬೇರೆ ರೇಟು.

ಅವರು: ಕೊಡ್ತಾರಾ?

ಅವಳು: ನಾಳೆ ಸಲ್ಲಿಸೋ ಕೊನೇ ದಿನ ಅಂದ್ರೆ ಕೊಡ್ತಾರೆ.

ಅವರು: ನನಗೆ ಈ ಐವತ್ತು ಪ್ರತಿ, ಇಪ್ಪತ್ತು ಪ್ರತಿ ಕೆಲಸಗಳ ಮೇಲೆ ನಂಬಿಕೆ ಇಲ್ಲಮ್ಮ. ಸಾವಿರ ಪ್ರತಿಗೆ ಎಷ್ಟು ಸೆಟ್ಟಿಂಗೋ ಇಪ್ಪತ್ತಕ್ಕೂ ಅಷ್ಟೇ.

ಅವಳು: ಅದಕ್ಕೇ ನಾನು ಡಿಜಿಟಲ್ ಪ್ರಿಂಟಿನವರಿಗೆ ಎರಡೇ ಅಳತೆ ಕೊಟ್ಟಿದ್ದೀನಿ. 1/8 ಡೆಮ್ಮಿ ಇಲ್ಲವೇ ಎ5. ಅದರಲ್ಲೇ ಮಾಡಿಸಿದ್ರೆ ಒಂದು ರೇಟು, ಅರ್ಧ ಇಂಚು ಆಚೀಚೆ ಬೇಕು ಅಂದ್ರೆ ಎರಡು ಪಾಲು. ಈಗ ಹತ್ತು ಲೇಖಕರ ಹತ್ತು ಪುಸ್ತಕ ಬಂದ್ರೂ ಮಶೀನಿಗೆ ಅದು ಒಂದೇ ಕೆಲಸ. ದುಡ್ಡೂ ಕೂಡಲೇ ಬರುತ್ತೆ, ಲೇಖಕರು ಉದ್ದರಿ ಹೇಳಲ್ಲ. ಆದರೆ ಟೋನರ್ ಪ್ರಿಂಟ್ ಮೇಲೆ ಮಾಮೂಲಿ ಲ್ಯಾಮಿನೇಷನ್ ಫಿಲ್ಮ್ ನಿಲ್ಲಲ್ಲ. ಎಣ್ಣೆ ಅಂಶ ಇರುತ್ತೆ, ನಾಲ್ಕು ದಿನಕ್ಕೆ ಎದ್ದು ಬರುತ್ತೆ. ಡಿಜಿಟಲ್‌ಗೇ ಅಂತ ಬರೋ ಹೆಚ್ಚು ಅಂಟಿನ ಫಿಲ್ಮ್ ಬೇಕು.

ಅವರು: ಇದು ನಿನ್ನ ಕಾಲದ ವಿದ್ಯೆ. ಒಪ್ಪಿದೆ. ಆದರೂ ಸಾವಿರದ ಕೆಲಸ ಬಿಡಬೇಡ.

ಅವಳು: ಬಿಡಲ್ಲ. ಅದರ ತಲೆನೋವೇ ಬೇರೆ. ಪ್ರೆಸ್ಸಿನಲ್ಲಿ ಆದ ತಪ್ಪೆಲ್ಲ ನಮ್ಮ ಮೇಜಿನ ಮೇಲೆ ಬಂದು ಬೀಳುತ್ತೆ. ಮಾಡಿದವರು ಬೇರೆ, ಬೈಸಿಕೊಳ್ಳೋರು ನಾವು.

ಅವರು: ಅದಕ್ಕೇ ನಿನ್ನ ಕೆಲಸ ಹಾಳೆ ಬಂದ ಮೇಲೆ ಶುರುವಾಗಬಾರದು, ಪ್ಲೇಟ್ ಮಾಡೋ ಮುಂಚೆ ಶುರುವಾಗಬೇಕು. ಆರ್ಡರ್ ಗೊತ್ತಾದ ದಿನವೇ ಪ್ರೆಸ್ಸಿಗೆ ಹೋಗು, ಇಲ್ಲ ಅವರನ್ನೇ ಕರೆಸು. ಅದೇ ಕಾಗದದಲ್ಲಿ, ಅಷ್ಟೇ ಪುಟದ ಖಾಲಿ ಡಮ್ಮಿ ಮಾಡಿಕೊಡು. ಬೆನ್ನಿನ ದಪ್ಪ ಎಷ್ಟು ಅಂತ ಡಿಸೈನರ್ ಊಹೆ ಮಾಡ್ತಾನೆ. 160 ಪುಟ ಅಂದ್ರೆ 80 ಹಾಳೆ. ಎಪ್ಪತ್ತು ಜಿಎಸ್‌ಎಂ ಮ್ಯಾಪ್‌ಲಿತೊ ಒಂದು ಹಾಳೆ ಸುಮಾರು 0.09 ಮಿ.ಮೀ. ಹಿಡಿದ್ರೆ ಏಳು ಮಿ.ಮೀ. ಚಿಲ್ಲರೆ. ಕಂಪನಿ ಬದಲಾದ್ರೆ ದಪ್ಪವೂ ಬದಲಾಗುತ್ತೆ, ತೂಕ ಅಷ್ಟೇ ಇದ್ದರೂ. ಡಮ್ಮಿ ಅಳೆದು ಹೇಳಿದ್ರೆ ಬೆನ್ನ ಮೇಲಿನ ಹೆಸರು ಮುಖಪುಟಕ್ಕೆ ಜಾರಲ್ಲ.

ಅವಳು: ಪ್ರೆಸ್ಸಿನವರು ಗ್ರಿಪ್ಪರ್ ಕಡೆ, ಅಂದ್ರೆ ಮಶೀನು ಹಾಳೆ ಹಿಡಿಯೋ ಕಡೆ, ಯಾವುದು ಅಂತಲೂ ಹೇಳಲ್ಲ ದೊಡ್ಡಪ್ಪ. ನಾವು ಒಂದು ಮೂಲೆಗೆ ತಟ್ಟಿ ಕತ್ತರಿಸ್ತೀವಿ, ಪ್ರಿಂಟು ಇನ್ನೊಂದು ಮೂಲೆಗೆ ಹಿಡಿದು ಆಗಿರುತ್ತೆ. ಹಾಳೆಯ ಅಳತೆಯಲ್ಲಿ ಒಂದು ಮಿ.ಮೀ. ಹೆಚ್ಚುಕಮ್ಮಿ ಇದ್ರೂ ನಮ್ಮ ಕಟಿಂಗಲ್ಲಿ ಚಿತ್ರ ಓಡಾಡುತ್ತೆ.

ಅವರು: ಅದಕ್ಕೊಂದೇ ದಾರಿ. ಪ್ರೆಸ್ಸಿನಲ್ಲಿ ಗುಡ್ಡೆ ಇಳಿಸೋವಾಗಲೇ ಗ್ರಿಪ್ಪರ್ ಮತ್ತು ಸೈಡ್ ಲೇ ಸೇರೋ ಮೂಲೆಗೆ ಗುಡ್ಡೆಯ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆಸು. ಮಡಚೋದು, ಕತ್ತರಿಸೋದು, ಪಂಚಿಂಗು ಎಲ್ಲವೂ ಆ ಮೂಲೆಯಿಂದಲೇ ಶುರು. ಹೆಚ್ಚುವರಿ ಹಾಳೆಯನ್ನೂ ಮೊದಲೇ ಕೇಳು. ಸಾವಿರ ಪುಸ್ತಕಕ್ಕೆ ಸಾವಿರವೇ ಕವರು ಎಣಿಸಿ ಕಳಿಸೋ ಪ್ರೆಸ್ಸುಗಳಿವೆ. ಲ್ಯಾಮಿನೇಷನ್ ಸೆಟ್ಟಿಂಗಿಗೆ ಹತ್ತು, ಕ್ರೀಸಿಂಗಿಗೆ ಹತ್ತು, ಅಂಟಿನ ಮಶೀನಿಗೆ ಹತ್ತು ಹೋದ್ರೆ ಗಿರಾಕಿಗೆ 970 ಪುಸ್ತಕ ಸಿಗುತ್ತೆ, ಮೂವತ್ತನ್ನ ಬೈಂಡರ್ ನುಂಗಿದ ಅಂತಾರೆ. ಐವತ್ತು ಹೆಚ್ಚಿಗೆ ಕೊಡಿ ಅಂತ ಬರೆಸ್ಕೋ.

ಅವಳು: ಗ್ರೇನ್?

ಅವರು: ಅದೇ ಹೇಳೋಣ ಅಂತಿದ್ದೆ. ಕಾಗದ ಮಿಲ್ಲಿನಲ್ಲಿ ಓಡೋವಾಗ ನಾರು ಓಟದ ದಿಕ್ಕಿಗೆ ಮಲಗುತ್ತೆ. ತೇವ ಕುಡಿದಾಗ ಆ ದಿಕ್ಕಿನಲ್ಲಿ ಹೆಚ್ಚು ಬೆಳೆಯಲ್ಲ, ಅಡ್ಡಕ್ಕೆ ಬೆಳೆಯುತ್ತೆ. ಪುಸ್ತಕದಲ್ಲಿ ನಾರು ಬೆನ್ನಿನ ಗುಂಟ ಇರಬೇಕು. ಅಡ್ಡ ಬಿತ್ತೋ, ಬೆನ್ನ ಹತ್ತಿರ ಹಾಳೆ ಅಲೆ ಅಲೆಯಾಗುತ್ತೆ, ಪುಸ್ತಕ ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳುತ್ತೆ. 18×23ರ ಡೆಮ್ಮಿ ಹಾಳೆಯನ್ನ ಮೂರು ಮಡಿಕೆ ಹಾಕಿದ್ರೆ ಬೆನ್ನು ಬರೋದು 18 ಇಂಚಿನ ಗುಂಟ. ನಾರು ಆ ಕಡೆಗೆ ಓಡಬೇಕು. ಆ ಹಾಳೆ ಹರಿದು ನೋಡು. ಒಂದು ಕಡೆಗೆ ನೆಟ್ಟಗೆ ಹರಿಯುತ್ತೆ, ಅದೇ ನಾರಿನ ದಿಕ್ಕು. ಅಡ್ಡಕ್ಕೆ ಹರಿದ್ರೆ ಸೊಟ್ಟಸೊಟ್ಟ. ಕಾಗದ ಕೊಳ್ಳೋ ಮುಂಚೆ ಇಷ್ಟು ಮಾಡಿದ್ರೆ ಆಯ್ತು. ಕೊಂಡ ಮೇಲೆ ಏನೂ ಮಾಡೋಕಾಗಲ್ಲ.

ಅವಳು: ಮಳೆಗಾಲದಲ್ಲಿ ಗುಡ್ಡೆಯ ಅಂಚೆಲ್ಲ ಅಲೆಯಾಗುತ್ತಲ್ಲ, ಅದೂ ಇದೇನಾ?

ಅವರು: ಅಂಚು ತೇವ ಕುಡಿದು ಬೆಳೆಯುತ್ತೆ, ನಡು ಹಾಗೇ ಇರುತ್ತೆ. ರೀಮಿನ ಸುತ್ತು ಬೇಕಾದಾಗಲೇ ಬಿಚ್ಚು. ಪ್ರಿಂಟಾದ ಗುಡ್ಡೆಗೆ ಪ್ಲಾಸ್ಟಿಕ್ ಹೊದಿಸು. ನೆಲದ ಮೇಲೆ ನೇರ ಇಡಬೇಡ, ಮರದ ಹಲಗೆ ಹಾಕು. ಗಾಳಿಯ ತೇವ ತೋರಿಸೋ ಮೀಟರ್ ಒಂದು ಗೋಡೆಗೆ ಇರಲಿ. ನೂರಕ್ಕೆ ಐವತ್ತು, ಐವತ್ತೈದು ಇದ್ದರೆ ಕಾಗದಕ್ಕೆ ನೆಮ್ಮದಿ. ಮೈಸೂರಿನಲ್ಲಿ ಇದೆಲ್ಲ ಸುಲಭ. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು 1841ರಲ್ಲೇ ಪ್ರೆಸ್ ಇಟ್ಟರಲ್ಲ, ಆ ಊರಿನ ಜೂನ್-ಜುಲೈ ಮಳೆಯಲ್ಲಿ ಪುಸ್ತಕ ಕಟ್ಟಿದ ಬೈಂಡರ್‌ಗಳ ಪಾಡು ಯೋಚಿಸು.

ಅವಳು: ಮೈದಾ ಅಂಟಿನ ಕಾಲ. ಅದೂ ಬೂಷ್ಟು ಹಿಡೀತಿತ್ತೇನೋ.

ಅವರು: ನಿಮ್ಮಪ್ಪನೂ ಮೈದಾ ಅಂಟೇ ಕಾಯಿಸ್ತಿದ್ದ, ಮೈಲುತುತ್ತ ಹಾಕಿ. ಹುಳ ಬರದಿರಲಿ ಅಂತ. ಇರಲಿ, ಆ ಪುಸ್ತಕ ಈ ಕಡೆ ಕೊಡು. ಇದು ಯಾವಾಗ ಕತ್ತರಿಸಿದ್ದು?

ಅವಳು: ಬೆಳಗ್ಗೆ.

ಅವರು: ಬೆಳಕಿಗೆ ಓರೆಯಾಗಿ ಹಿಡಿದು ಅಂಚು ನೋಡು. ಮೇಲಿಂದ ಕೆಳಗೆ ಸಣ್ಣ ಗೀರು ಕಾಣುತ್ತಾ? ಆ ಗುಡ್ಡೆಯ ಇನ್ನೊಂದು ಪುಸ್ತಕ ತೆಗಿ. ಅದೇ ಜಾಗದಲ್ಲಿ ಅದೇ ಗೀರು. ಬ್ಲೇಡು ಅಲ್ಲಿ ಒಂದು ಕೂದಲಷ್ಟು ಮುಕ್ಕಾಗಿದೆ. ಈಗ ಹೆಬ್ಬೆರಳು ಅಂಚಿನ ಮೇಲೆ ಸವರು. ಬೆರಳಿಗೆ ಪುಡಿ ಹತ್ತಿತಾ? ಬ್ಲೇಡು ಕತ್ತರಿಸ್ತಿಲ್ಲ, ಹರೀತಿದೆ. ಕಿವಿಗೂ ಗೊತ್ತಾಗುತ್ತೆ. ಚೂಪು ಇದ್ದಾಗ ಸದ್ದೇ ಬೇರೆ, ಮೊಂಡಾದಾಗ ಕೊನೆಗೆ ಒಂದು ಟಕ್ಕು ಬರುತ್ತೆ. ಮೇಲಿನ ಪುಸ್ತಕಕ್ಕೂ ಕೆಳಗಿನದಕ್ಕೂ ಅಳತೆ ಬೇರೆ ಬರ್ತಿದ್ರೆ ಒಂದೋ ಬ್ಲೇಡು ಮೊಂಡು, ಇಲ್ಲ ಕ್ಲ್ಯಾಂಪಿನ ಒತ್ತಡ ಸಾಲದು.

ಅವಳು: ತಿಂಗಳಿಗೊಮ್ಮೆ ಸಾಣೆಗೆ ಕಳಿಸ್ತೀನಿ.

ಅವರು: ತಿಂಗಳ ಲೆಕ್ಕ ಬೇಡ, ಕೆಲಸದ ಲೆಕ್ಕ ನೋಡು. ರಟ್ಟು, ಆರ್ಟ್ ಪೇಪರು ಹೊಡೆದ ವಾರ ಬೇಗ ಮೊಂಡಾಗುತ್ತೆ. ಒಂದು ಮಶೀನಿಗೆ ಮೂರು ಬ್ಲೇಡು ಇಟ್ಕೋ. ಒಂದು ಮಶೀನಿನಲ್ಲಿ, ಒಂದು ಸಾಣೆಯಲ್ಲಿ, ಒಂದು ಮರದ ಪೆಟ್ಟಿಗೆಯಲ್ಲಿ ತಯಾರು. ಕೆಳಗಿನ ಕಟಿಂಗ್ ಸ್ಟಿಕ್ಕು ಒಂದೇ ಕಡೆ ಗುಂಡಿ ಬಿದ್ದಿದ್ರೂ ಹಾಗೇ ಓಡಿಸ್ತಿದ್ದಾನೆ ನಿನ್ನ ಹುಡುಗ. ಅದಕ್ಕೆ ನಾಲ್ಕು ಮುಖ, ತಿರುಗಿಸಿ ತಲೆಕೆಳಗು ಮಾಡಿದ್ರೆ ಎಂಟು ಗೆರೆ ಸಿಗುತ್ತೆ. ಆಗಾಗ ಅದರ ಮೇಲೆ ಒಣ ಸೋಪು ಉಜ್ಜಿದ್ರೆ ಬ್ಲೇಡು ಸಲೀಸಾಗಿ ಇಳಿಯುತ್ತೆ. ಇನ್ನು ಆ ಎರಡು ಬಟನ್ನಿನಲ್ಲಿ ಒಂದಕ್ಕೆ ಟೇಪು ಸುತ್ತಿರೋದು ಕಂಡೆ.

ಅವಳು: ಬೇಗ ಆಗಲಿ ಅಂತ ಅವನೇ...

ಅವರು: ಈಗಲೇ ಬಿಚ್ಚಿಸು. ಎರಡು ಕೈಗೂ ಕೆಲಸ ಕೊಟ್ಟಿರೋದು ಒಂದು ಕೈ ಬ್ಲೇಡಿನ ಕೆಳಗೆ ಹೋಗದಿರಲಿ ಅಂತ. ನಿನ್ನ ಎಲ್ಲ ಉಳಿತಾಯವನ್ನೂ ಆ ಟೇಪು ಒಂದು ಕ್ಷಣದಲ್ಲಿ ತಿನ್ನುತ್ತೆ. ಬ್ಲೇಡು ಬಿಚ್ಚೋವಾಗ ಇಬ್ಬರು ಇರಬೇಕು, ಒಬ್ಬನೇ ಬಿಚ್ಚಬಾರದು. ಇದರಲ್ಲಿ ಚೌಕಾಸಿ ಇಲ್ಲ.

ಅವಳು: ಇವತ್ತೇ ಬಿಚ್ಚಿಸ್ತೀನಿ. ಮದುವೆ ಕಾರ್ಡಿನದ್ದು ಒಂದು ಕೇಳ್ತೀನಿ. 300 ಜಿಎಸ್‌ಎಂ ಕಾರ್ಡು ಮಡಚಿದಲ್ಲಿ ಬಣ್ಣ ಒಡೆದು ಬಿಳಿ ಗೆರೆ ಬರುತ್ತೆ. ಕ್ರೀಸಿಂಗ್ ಮಾಡಿದ್ರೂ.

ಅವರು: ಯಾವ ಕಡೆಗೆ ಮಡಚ್ತಾರೆ? ತೋರಿಸು. ಹಾಂ, ನೋಡು, ಗುಳಿ ಬಿದ್ದ ಕಡೆಗೆ ಮಡಚ್ತಿದ್ದಾರೆ. ನೋಡೋಕೆ ಅದೇ ಸರಿ ಅನ್ಸುತ್ತೆ, ಎಲ್ಲರೂ ಹಾಗೇ ಮಾಡ್ತಾರೆ. ಕ್ರೀಸಿಂಗ್‌ನಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು. ಉಬ್ಬು ಒಳಗೆ ಬರೋ ಹಾಗೆ ಮಡಚಬೇಕು. ಆಗ ಹೊರಮೈ ಎಳೆಯೋದು ಕಮ್ಮಿ. ರೂಲಿನ ಕೆಳಗಿನ ಚಾನೆಲ್ ಎಷ್ಟು ಅಗಲ ಇಟ್ಟಿದ್ದೀರಿ?

ಅವಳು: ಎಲ್ಲದಕ್ಕೂ ಒಂದೇ.

ಅವರು: ಕಾಗದದ ದಪ್ಪದ ಒಂದೂವರೆಯಷ್ಟಕ್ಕೆ ರೂಲಿನ ದಪ್ಪ ಸೇರಿಸು. ನಿನ್ನ ಕಾರ್ಡು 0.3 ಮಿ.ಮೀ., ರೂಲು 0.7. ಸುಮಾರು 1.15 ಆಯ್ತು. ಅದಕ್ಕೆ ಹತ್ತಿರದ ಅಳತೆ ತರಿಸು. ಗ್ರೇನ್ ಮಡಿಕೆಯ ಗುಂಟ ಇದ್ದರೆ ಇನ್ನೂ ಒಳ್ಳೇದು. ಇವೆಲ್ಲ ಮಾಡಿದ್ರೂ ಒಡೆದ್ರೆ ಅದು ಕಾರ್ಡಿನ ತಪ್ಪು.

ಅವಳು: ಅಂಟಿನದ್ದು ಇನ್ನೊಂದು. ನವೆಂಬರ್ ಬಂದ್ರೆ ರಾಜ್ಯೋತ್ಸವದ ಬಿಡುಗಡೆಗಳು. ಎರಡು ದಿನ ಮುಂಚೆ ಹಾಳೆ ತಂದು ಹಾಕಿ, ವೇದಿಕೆಗೆ ಇಪ್ಪತ್ತೈದು ಪ್ರತಿ ಕೊಡಿ ಸಾಕು ಅಂತಾರೆ.

ಅವರು: ಆ ಇಪ್ಪತ್ತೈದಕ್ಕೆ ಸೆಟ್ಟಿಂಗು ಒಂದು ಸಲ, ಉಳಿದ 975ಕ್ಕೆ ಇನ್ನೊಂದು ಸಲ. ಎರಡು ಬಿಲ್ಲು ಹಾಕು. ಅಂಟು ಯಾವುದು ಹಾಕ್ತೀಯ?

ಅವಳು: ಮಾಮೂಲಿ ಹಾಟ್‌ಮೆಲ್ಟ್, 170 ಡಿಗ್ರಿ ಹತ್ತಿರ. ಆರ್ಟ್ ಪೇಪರ್ ಪುಸ್ತಕಕ್ಕೆ ಪಿಯುಆರ್ ಮಾಡಿಸ್ತೀನಿ, ಹೊರಗಡೆ. ಅದು 120-130ರಲ್ಲೇ ಕರಗುತ್ತೆ, ಗಟ್ಟಿಯಾಗೋದು ಗಾಳಿಯ ತೇವದಿಂದ. ಪೂರ್ತಿ ಹಿಡಿಯೋಕೆ ಒಂದು ದಿನ ಬಿಡಬೇಕು. ಅದನ್ನ ಕೇಳಿದ್ರೆ ಸಮಾರಂಭ ಇವತ್ತೇ ಸಂಜೆ ಅಂತಾರೆ.

ಅವರು: ಹಾಗಾದ್ರೆ ಒಪ್ಕೋಬೇಡ. ವೇದಿಕೆ ಮೇಲೆ ಅಧ್ಯಕ್ಷರು ಪುಸ್ತಕ ಬಿಡಿಸಿದಾಗ ಹಾಳೆ ಕೈಗೆ ಬಂದ್ರೆ ಪ್ರೆಸ್ಸಿನ ಹೆಸರು ಯಾರೂ ಹೇಳಲ್ಲ, ಬೈಂಡರ್ ಹೆಸರು ಹೇಳ್ತಾರೆ. ಹಾಟ್‌ಮೆಲ್ಟಿನದ್ದು ತೊಟ್ಟಿಯಲ್ಲಿ ಇಡೀ ದಿನ ಕುದೀತಾ ಇದ್ರೆ ಕಂದಾಗಿ ಜೀವ ಕಳ್ಕೊಳ್ಳುತ್ತೆ. ಊಟದ ಹೊತ್ತಿಗೆ ಉಷ್ಣ ಇಳಿಸಬೇಕು. ತುಂಬ ಸುರಿಯಬೇಡ, ಸ್ವಲ್ಪ ಸ್ವಲ್ಪ ಹಾಕ್ತಾ ಹೋಗು. ಬೆಳಗ್ಗೆ ಅಂಗಡಿ ಬಾಗಿಲು ತೆಗೆದವರು ಮೊದಲು ತೊಟ್ಟಿಯ ಸ್ವಿಚ್ಚು ಹಾಕಬೇಕು. ಅದು ಕರಗೋ ಹೊತ್ತಿಗೆ ಕವರಿನ ಕ್ರೀಸಿಂಗು ಮುಗಿದಿರಲಿ. ಪ್ರತಿ ಬ್ಯಾಚಿನಲ್ಲಿ ಒಂದು ಪುಸ್ತಕ ತಣ್ಣಗಾದ ಮೇಲೆ ನಡುವಿಗೆ ತೆರೆದು ಒಂದು ಹಾಳೆ ಹಿಡಿದು ಎಳಿ. ಹಾಳೆ ಹರಿದ್ರೆ ಸರಿ, ಪೂರ್ತಿ ಹಾಳೆ ಅಂಟಿನಿಂದ ಕಿತ್ತು ಬಂದ್ರೆ ಬೆನ್ನು ಸರಿಯಾಗಿ ಒರಟು ಮಾಡಿಲ್ಲ ಅಂತ.

ಅವಳು: ಒಂದು ಪುಸ್ತಕ ಹಾಳು ಮಾಡಬೇಕಲ್ಲ.

ಅವರು: ಐವತ್ತು ಹೆಚ್ಚಿಗೆ ಬರೆಸ್ಕೊಂಡಿದ್ದು ಮತ್ತೆ ಯಾಕೆ?

ಅವಳು: ದೊಡ್ಡಪ್ಪ, ಇಷ್ಟೆಲ್ಲ ಮಾಡಿದ್ರೂ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡಿಲ್ಲ. ಕೆಲಸ ಆಗುತ್ತೆ, ಡೆಲಿವರಿ ಆಗುತ್ತೆ, ದುಡ್ಡು ಮೂರು ತಿಂಗಳಾದ್ರೂ ಬರಲ್ಲ. ಒಂದು ಪ್ರೆಸ್ಸಿನಿಂದ ಹೋದ ವರ್ಷದ್ದೇ ಬಾಕಿ ಇದೆ.

ಅವರು: ಅದೂ ನಿಂತ ಹೊತ್ತೇ. ಮಶೀನು ನಿಲ್ಲೋದಕ್ಕಿಂತ ದುಡ್ಡು ನಿಲ್ಲೋದು ಕೆಟ್ಟದ್ದು. ಬೈಂಡರ್ ಕೈಯಲ್ಲಿ ಒಂದು ಹಿಡಿತ ಇದೆ, ಯಾರೂ ಬಳಸಲ್ಲ. ನಮ್ಮ ವಕೀಲರೊಬ್ಬರು ಹೇಳಿಕೊಟ್ಟದ್ದು. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮು. ಇನ್ನೊಬ್ಬರ ವಸ್ತುವಿನ ಮೇಲೆ ನಾವು ದುಡಿಮೆ ಹಾಕಿ ಕೆಲಸ ಮಾಡಿಕೊಟ್ಟಿದ್ರೆ, ಬೇರೆ ಕರಾರು ಇಲ್ಲದಿದ್ರೆ, ಆ ಕೆಲಸದ ಕೂಲಿ ಬರೋವರೆಗೆ ಆ ವಸ್ತುವನ್ನ ಇಟ್ಕೊಳ್ಳೋ ಹಕ್ಕಿದೆ.

ಅವಳು: ಹಾಗಾದ್ರೆ ಈ ಸಲದ ಪುಸ್ತಕ ಹಿಡಿದಿಟ್ಟು ಹೋದ ವರ್ಷದ ಬಾಕಿ ಕೇಳಬಹುದಾ?

ಅವರು: ಅದು ಆಗಲ್ಲ. ಯಾವ ಕೆಲಸದ ಕೂಲಿಯೋ ಆ ಕೆಲಸದ ವಸ್ತು ಮಾತ್ರ. ಹಳೇ ಬಾಕಿಗೆ ಹೊಸ ಪುಸ್ತಕ ಒತ್ತೆ ಇಟ್ಕೊಳ್ಳೋ ಹಕ್ಕು ಬ್ಯಾಂಕಿನವರಂಥ ಕೆಲವರಿಗಷ್ಟೇ ಇದೆ, ನಮಗಿಲ್ಲ. ಪುಸ್ತಕ ಕೈಬಿಟ್ಟ ಮೇಲೆ ಆ ಹಿಡಿತವೂ ಹೋಯ್ತು. ಅದಕ್ಕೇ ಅರ್ಧ ಮುಂಗಡ, ಉಳಿದರ್ಧ ಗಾಡಿ ತುಂಬೋ ಮುಂಚೆ.

ಅವಳು: ಹಳೇ ಗಿರಾಕಿಗಳಿಗೆ ಹಾಗೆ ಹೇಳೋಕೆ ಬಾಯಿ ಬರಲ್ಲ.

ಅವರು: ಹಾಗಾದ್ರೆ ಕಾಗದ ಹೇಳಲಿ. ಉದ್ಯಮ್ ನೋಂದಣಿ ಆಗಿದೆಯಾ?

ಅವಳು: ಅಪ್ಪ ಮಾಡಿಸಿರಲಿಲ್ಲ. ನಾನೂ ನೋಡಿಲ್ಲ. ಅದರಲ್ಲಿ ಏನಿದೆ ಅಂತ ಓದಿದ್ದೀನಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದಿಂದ ಕೆಲಸ ತಗೊಂಡವರು ಬರಹದಲ್ಲಿ ಒಪ್ಪಂದ ಇಲ್ಲದಿದ್ರೆ 15 ದಿನದಲ್ಲಿ ದುಡ್ಡು ಕೊಡಬೇಕು. ಒಪ್ಪಂದ ಇದ್ರೂ 45 ದಿನ ಮೀರೋ ಹಾಗಿಲ್ಲ. ತಡವಾದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ.

ಅವರು: ಇಷ್ಟು ಗೊತ್ತಿದ್ದೂ ಮಾಡಿಸಿಲ್ಲ! ನೋಂದಣಿಗೆ ಒಂದು ರೂಪಾಯಿ ಶುಲ್ಕ ಇಲ್ಲ, ಆಧಾರ್, ಪ್ಯಾನ್ ಹಿಡ್ಕೊಂಡು ಕೂತರೆ ಆಗೋ ಕೆಲಸ. ಕೆಲಸ ಒಪ್ಕೊಳ್ಳೋ ಮುಂಚೆಯೇ ನೋಂದಣಿ ಆಗಿದ್ರೆ ಆಮೇಲೆ ತಕರಾರು ಬರಲ್ಲ. ಸಂಖ್ಯೆ ಬಂದ ಮೇಲೆ ಬಿಲ್ ಬುಕ್ಕಿನ ತಲೆಯ ಮೇಲೆ ಅದನ್ನೂ, ಅದರ ಕೆಳಗೆ 45 ದಿನ ಅನ್ನೋದನ್ನೂ ಅಚ್ಚು ಹಾಕಿಸು. ನಂಬರಿಂಗು, ಪರ್ಫೊರೇಷನ್ನು ನಿನ್ನಲ್ಲೇ ಇದೆ. ಆಷಾಢ ಮುಗಿಯೋದರೊಳಗೆ ಮಾಡು, ಶ್ರಾವಣ ಬಂದ್ರೆ ಮತ್ತೆ ಕಾರ್ಡಿನ ಕೆಲಸ ಶುರು.